ಜರಡಿಯ ಮೇಲಿನ ತೌಡು

ಒಂದು ಹಾಡಿನಿಂದ ಹಾಡನ್ನೇ ಕಳೆದರೆ ಏನು ಉಳಿಯುತ್ತದೆ? ಹೀಗೆಂದು ಯಾರಾದರೂ ಕೇಳಿದ್ದರೆ ದಾಕ್ಷಾಯಣಿ ಹಿಂದೆ ಮುಂದೆ ನೋಡದೆ "ತೌಡು" ಎಂದುಬಿಡುತ್ತಿದ್ದಳು. ಹದಿನೆಂಟು ವರ್ಷದಿಂದ ಅವಳು ಮಾಡಿಕೊಂಡು ಬಂದ ಕೆಲಸವೇ ಅದು. ಅದರಲ್ಲಿ ಅವಳನ್ನು ಮೀರಿಸುವವರು ಇಡೀ ನಾದಕೋಶದಲ್ಲಿ ಇರಲಿಲ್ಲ.

ನಾದಕೋಶದ ಕಟ್ಟಡ ಇದ್ದದ್ದು ಗದಗಿನ ಹೊರಗೆ, ಊರವರು ಫ್ಯಾನು ಎಂದು ಕರೆಯುವ ದೊಡ್ಡ ಗಾಳಿಯಂತ್ರಗಳ ಬುಡದಲ್ಲಿ. ಸುತ್ತಲಿನ ಏಳು ಜಿಲ್ಲೆಗಳ ಮನೆಮನೆಯ ಹಾಡು, ಮಾತು, ಮದುವೆ ಮುಂಜಿಯ ಗದ್ದಲ ಎಲ್ಲವೂ ಅಲ್ಲಿ ಶೇಖರವಾಗುತ್ತಿತ್ತು. ಒಂದು ಕಾಲದಲ್ಲಿ ಯಾರು ಬೇಕಾದರೂ ಎಷ್ಟು ಬೇಕಾದರೂ ತುಂಬಿಡಬಹುದಿತ್ತಂತೆ. ತುಂಬಿದ್ದನ್ನೆಲ್ಲ ಕಾಯುವ ಯಂತ್ರಗಳು ಕಾದು ಕೆಂಡವಾಗಿ, ಅವನ್ನು ತಣ್ಣಗಿಡಲು ಊರಿನ ಕುಡಿಯುವ ನೀರಿಗೇ ಕೈ ಹಾಕುವ ಹೊತ್ತು ಬಂದಾಗ ಜನ ಎಚ್ಚೆತ್ತರು. ಆಮೇಲೆ ಬಂತು ಕಟ್ಟಳೆ: ಒಂದು ಮನೆಗೆ ಒಂದೇ ಗೂಡು. ಮನೆಯವರೆಲ್ಲ ತಂತಮ್ಮ ಹಾಡುಗಳನ್ನು ಅದೇ ಗೂಡಿನಲ್ಲಿ ಇಟ್ಟುಕೊಳ್ಳಬೇಕು. ತುಂಬಿದರೆ ಹತ್ತು ದಿನದಲ್ಲಿ ಮೂರರಲ್ಲಿ ಒಂದು ಪಾಲು ಖಾಲಿ ಮಾಡಬೇಕು, ಇಲ್ಲದಿದ್ದರೆ ಎಲ್ಲಕ್ಕಿಂತ ಹಳೆಯದು ತಾನಾಗಿ ಅಳಿದುಹೋಗುತ್ತದೆ.

ಈ ಗೂಡುಗಳನ್ನು ಸ್ವಚ್ಛ ಮಾಡುವ ಯಂತ್ರಕ್ಕೆ ಎಲ್ಲರೂ ಜರಡಿ ಎನ್ನುತ್ತಿದ್ದರು. ಅದರ ಉಪಾಯ ಸರಳವಾದದ್ದು. ಒಂದೇ ಹಾಡಿನ ಹತ್ತು ಪ್ರತಿ ಸಿಕ್ಕರೆ ಜರಡಿ ಹತ್ತನ್ನೂ ಒಂದರ ಮೇಲೊಂದು ಹೊಂದಿಸಿ, ಎಲ್ಲದರಲ್ಲೂ ಇರುವುದು ಯಾವುದು ಎಂದು ನೋಡುತ್ತದೆ. ಎಲ್ಲದರಲ್ಲೂ ಇರುವುದು ಹಾಡು. ಅದನ್ನು ಒಂದೇ ಸಲ ಇಟ್ಟುಕೊಳ್ಳುತ್ತದೆ. ಒಂದರಲ್ಲಿದ್ದು ಮತ್ತೊಂದರಲ್ಲಿ ಇಲ್ಲದ್ದು, ಅಂದರೆ ಟೇಪಿನ ಗೊರಗೊರ, ಯಾರದೋ ಕೆಮ್ಮು, ಪಾತ್ರೆ ಬಿದ್ದ ಸದ್ದು, ಅದೆಲ್ಲ ತೌಡು. ತೌಡು ತೊಟ್ಟಿಗೆ ಹೋಗುತ್ತದೆ. ತೊಟ್ಟಿಯನ್ನು ಪ್ರತಿ ಸೋಮವಾರ ನಾಲ್ಕು ಗಂಟೆಗೆ ಖಾಲಿ ಮಾಡುತ್ತಾರೆ. ಪ್ರತಿಗಳು ಹೆಚ್ಚಿದ್ದಷ್ಟೂ ಜರಡಿಯ ಕಣ್ಣು ಚುರುಕು. ಹತ್ತು ಇದ್ದರೆ ಚೆನ್ನ, ನೂರಿದ್ದರೆ ಬಲು ಚೆನ್ನ.

ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗೆ ಊರಿನ ಗೂಡುಗಳನ್ನೆಲ್ಲ ಗುಡಿಸಿ ಒರೆಸಿದ ದಾಕ್ಷಾಯಣಿಯ ಮನೆಯ ಗೂಡೇ ತುಂಬಿ ತುಳುಕುತ್ತಿತ್ತು. ಬೆಟಗೇರಿಯ ಆ ಮನೆಯಲ್ಲಿ ಅಣ್ಣ ಈರಣ್ಣ, ಅತ್ತಿಗೆ, ಅವರ ಎರಡು ಮಕ್ಕಳು, ಅಪ್ಪ ಫಕ್ಕೀರಪ್ಪ, ಮತ್ತೆ ಮದುವೆಯ ಗೊಡವೆಗೆ ಹೋಗದೆ ನಲವತ್ತೈದು ದಾಟಿದ ಇವಳು. ಆರು ಜನಕ್ಕೆ ಆರು ರುಚಿ. ಖಾಲಿ ಮಾಡಿ ಎಂದು ನಾದಕೋಶದಿಂದ ನೋಟಿಸು ಬಂದ ದಿನ ಊಟಕ್ಕೆ ಕೂತಾಗ ನಡೆದ ಪಂಚಾಯಿತಿಯಲ್ಲಿ ಪ್ರತಿಯೊಬ್ಬರೂ ಉಳಿದವರದೇ ಕಸ ಎಂದು ಸಾಧಿಸಿದರು. ಈರಣ್ಣ ಅತ್ತಿಗೆಯ ಸೋಬಾನ ಪದಗಳ ಕಡೆ ಬೆರಳು ತೋರಿಸಿದ, ಅತ್ತಿಗೆ ಮಕ್ಕಳ ಕುಣಿತದ ಹಾಡುಗಳ ಕಡೆ, ಮಕ್ಕಳು ಅತ್ತೆಯ ಕಡೆ. ಯಾಕೆಂದರೆ ಗೂಡಿನ ಮೂರನೇ ಒಂದು ಪಾಲು ದಾಕ್ಷಾಯಣಿಯದೇ ಆಗಿತ್ತು. ಇಪ್ಪತ್ತೈದು ವರ್ಷದಿಂದ ಕಾಳು ಆರಿಸಿದಂತೆ ಆರಿಸಿ ಇಟ್ಟುಕೊಂಡ ಹಾಡುಗಳು ಅವು, ಮುಟ್ಟಿದರೆ ಜಗಳವೇ.

"ಇದು ನನ್ನ ಕೆಲಸ ಐತಿ, ನಾನ ನೋಡ್ಕೊಂತೀನಿ ಬಿಡ್ರಿ," ಎಂದು ಅವಳು ಎಲ್ಲರ ಬಾಯಿ ಮುಚ್ಚಿಸಿದಳು.

ಅಪ್ಪನನ್ನು ಮಾತ್ರ ಯಾರೂ ಕೇಳಲಿಲ್ಲ. ಕಿವಿ ಕೇಳದವನ ಹತ್ತಿರ ಹಾಡಿನ ವಿಷಯ ಏನು ಕೇಳುವುದು? ಫಕ್ಕೀರಪ್ಪ ಮೂವತ್ತು ವರ್ಷ ಮೈಕ್ ಸೆಟ್ ನಡೆಸಿದವನು. ಹಾರ್ನಿನ ಬುಡದಲ್ಲಿ ನಿಂತು ನಿಂತು ಅರವತ್ತಕ್ಕೇ ಕಿವಿ ಮಂದವಾಗಿ, ಎಪ್ಪತ್ತಕ್ಕೆ ಪೂರ್ತಿ ಹೋಗಿತ್ತು. ಈಗ ಎಪ್ಪತ್ತೆಂಟು. ಮನೆಯವರು ಹೇಳುವುದನ್ನು ಪಾಟಿಯಂಥ ಒಂದು ಪರದೆಯ ಮೇಲೆ ಬರೆದು ತೋರಿಸುತ್ತಿದ್ದರು, ಅವನು ಮಾತ್ರ ಇಡೀ ಓಣಿಗೆ ಕೇಳುವ ಹಾಗೆ ಉತ್ತರ ಕೊಡುತ್ತಿದ್ದ.

ಶನಿವಾರ ಕಚೇರಿಯಲ್ಲಿ ಕೂತು ದಾಕ್ಷಾಯಣಿ ಮನೆಯ ಗೂಡನ್ನು ಜರಡಿಗೆ ಒಡ್ಡಿದಳು. ಅರ್ಧ ಗಂಟೆಯಲ್ಲೇ ಕಳ್ಳ ಸಿಕ್ಕ. ಒಂದೇ ಗಣಪತಿಯ ಹಾಡು ಮುನ್ನೂರ ಹನ್ನೆರಡು ಸಲ ಇತ್ತು. ಅವಳಿಗೆ ನಗು ಬಂತು. ಅಪ್ಪ ಎಲ್ಲಿ ಮೈಕ್ ಹಚ್ಚಿದರೂ ಮೊದಲು ಹಾಕುತ್ತಿದ್ದದ್ದು ಅದೇ ಕ್ಯಾಸೆಟ್ಟಿನ ಅದೇ ಹಾಡು. ಅದನ್ನು ಪೆಂಡಾಲಿನ ಕೊನೆಯ ಸಾಲಿನಿಂದ ಸಣ್ಣ ರೆಕಾರ್ಡರಿನಲ್ಲಿ ಹಿಡಿದು ಇಡುವುದು ಅವನ ಪದ್ಧತಿ. ಸೊರಟೂರಿನ ಒಂದು ಮದುವೆಯಲ್ಲಿ ಬೀಗರು "ಹಿಂದ ಕುಂತವ್ರಿಗೆ ಏನೂ ಕೇಳ್ಲಿಲ್ಲ" ಎಂದು ಎಲ್ಲರೆದುರು ಮಾನ ಕಳೆದ ಮೇಲೆ ಅವನು ಹಿಡಿದ ಹಟ ಅದು. ಮುಂದೆ ಯಾರಾದರೂ ತಕರಾರು ತೆಗೆದರೆ ಸಾಕ್ಷಿ ಇರಲಿ ಎಂದು. ಮತ್ತೆ ಯಾರೂ ತಕರಾರು ತೆಗೆಯಲಿಲ್ಲ, ಸಾಕ್ಷಿ ಮಾತ್ರ ಡಬ್ಬಿಗಟ್ಟಲೆ ಬೆಳೆಯಿತು. ಮುಂದೆ ಈರಣ್ಣ ಅವನ್ನೆಲ್ಲ ಒಟ್ಟಿಗೇ ಕಂಪ್ಯೂಟರಿಗೆ ಇಳಿಸಿದ್ದ. ಕೇಳಿದವರು ಯಾರೂ ಇಲ್ಲ. ಕೇಳಲು ಏನಿದೆ, ಒಡಕು ಹಾರ್ನಿನಲ್ಲಿ ಅರಚುವ ಒಂದೇ ಹಾಡು.

ಜರಡಿ ಮುನ್ನೂರ ಹನ್ನೆರಡನ್ನೂ ಸೋಸಿ ಒಂದು ಮಾಡಿತು. ಹಾಡು ಎಷ್ಟು ಶುದ್ಧವಾಗಿ ಬಂತೆಂದರೆ ಹಾಡಿದವರು ಉಸಿರೆಳೆದದ್ದೂ ಕೇಳಿಸುತ್ತಿತ್ತು. ಗೂಡಿನ ಮೂರನೇ ಒಂದು ಪಾಲು ಖಾಲಿ. ದಾಕ್ಷಾಯಣಿ ಕೈ ಝಾಡಿಸಿಕೊಂಡು ಮನೆಗೆ ಬಂದಳು.

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಅಪ್ಪ ಪಡಸಾಲೆಯಲ್ಲಿ ಕೂತು ಪರದೆ ಹಚ್ಚಿದ. ವಾರಕ್ಕೊಮ್ಮೆ ಅವನು ಗೂಡಿನಲ್ಲಿ ತನ್ನ ಪಟ್ಟಿ ತೆಗೆದು ಹೆಸರುಗಳನ್ನು ಒಂದೊಂದೇ ಓದುತ್ತಿದ್ದ. ಕೋಟುಮಚಗಿ, ಗೌಡರ ಮನಿ ಲಗ್ನಾ. ಲಕ್ಕುಂಡಿ, ತೊಟ್ಟಿಲ ಕಾರ್ಯಾ. ನರೇಗಲ್ಲ, ಹೊಸ ಮನಿ ಪೂಜಾ. ಇದು ಮನೆಯವರಿಗೆ ರೂಢಿಯಾಗಿತ್ತು, ಯಾರೂ ಗಮನ ಕೊಡುತ್ತಿರಲಿಲ್ಲ. ಆ ದಿನ ಓದುವ ದನಿ ಬರಲೇ ಇಲ್ಲ.

"ದಾಕ್ಷಾ," ಎಂದು ಕರೆದ. "ನನ್ನ ಲಗ್ನಾ ಎಲ್ಲೆ ಹೋದುವು?"

ಅವಳು ಪರದೆಯ ಮೇಲೆ ಬರೆದಳು: ಎಲ್ಲಾ ಒಂದ ಹಾಡು ಅಪ್ಪಾ. ಒಂದು ಇಟ್ಟೀನಿ. ಜಾಗಾ ಇರಲಿಲ್ಲ.

ಅಪ್ಪ ಅದನ್ನು ಎರಡು ಸಲ ಓದಿದ. "ಹಾಡು ಒಂದ ಖರೆ," ಎಂದ. "ಊರು ಒಂದ ಏನವ್ವ?"

ಅಪ್ಪ ಸಿಟ್ಟು ಮಾಡಿದ್ದರೆ ದಾಕ್ಷಾಯಣಿಯೂ ನಾಲ್ಕು ಮಾತು ಬರೆಯುತ್ತಿದ್ದಳು. ಅವನು ಮಾಡಲಿಲ್ಲ.

"ನಾ ಮಷಿನ್ ಹತ್ರ ಇರ್ತಿದ್ದೆ. ನಿಮ್ಮವ್ವ ರೆಕಾರ್ಡರ್ ಹಿಡಕೊಂಡು ಕಡೀ ಸಾಲಿನ್ಯಾಗ ನಿಂದ್ರತಿದ್ಲು. ಅಲ್ಲಿತನಾ ಹಾಡು ಬಂತಂದ್ರ ಕೈ ಎತ್ತತಿದ್ಲು. ಅಷ್ಟು ಮಂದ್ಯಾಗ ನನಗ ಆ ಕೈಯಷ್ಟ ಕಾಣ್ತಿತ್ತು. ಈ ಹೆಸರು ಓದಿದ್ರ ಯಾವ ಊರಾಗ ಎಲ್ಲೆ ನಿಂತಿದ್ಲು ಅಂತ ಕಣ್ಣಿಗೆ ಕಟ್ಟತೈತಿ. ಹರ್ತ್ಯಾಗ ಬೇವಿನ ಗಿಡದ ಕೆಳಗ. ಮುಳಗುಂದದಾಗ ಬಾವಿ ಕಟ್ಟಿ ಮ್ಯಾಲೆ." ಪರದೆ ಬದಿಗಿಟ್ಟು, "ಎಲ್ಲಾ ಬಾಯಿಪಾಠ ಇಲ್ಲವ್ವ ನನಗ. ಓದಿದ್ರ ನೆನಪಾಕ್ಕೈತಿ," ಎಂದ. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಅವ್ವ ನೀಲವ್ವ ತೀರಿಕೊಂಡಾಗ ದಾಕ್ಷಾಯಣಿಗೆ ಮೂರು ವರ್ಷ. ಮೂರು ದಿನದ ಜ್ವರ, ಅಷ್ಟೇ. ಉಳಿದದ್ದು ಒಂದು ಫೋಟೋ. ಅದರಲ್ಲೂ ಅವ್ವ ಬಾಯಿ ಬಿಗಿಹಿಡಿದು ನಿಂತಿದ್ದಾಳೆ. ಅವಳ ದನಿ ಹೇಗಿತ್ತೆಂದು ಇವಳಿಗೆ ಗೊತ್ತಿಲ್ಲ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಅಣ್ಣನನ್ನು ಕೇಳಿದ್ದಳು, ಅವನು ಬಹಳ ಹೊತ್ತು ಯೋಚಿಸಿ "ಸಣ್ಣ ದನಿ ಇತ್ತಬೇ" ಎಂದಿದ್ದ. ಊರೂರಿಗೆ ಧ್ವನಿ ಹಂಚಿದ ಮನೆಯಲ್ಲಿ ಆ ಒಂದು ಧ್ವನಿ ಇರಲಿಲ್ಲ. ಈಗ ಅಪ್ಪನ ಕಣ್ಣಿಗೆ ಕಾಣುತ್ತಿದ್ದ ಅವ್ವನನ್ನೂ ಮುನ್ನೂರ ಹನ್ನೆರಡು ಊರುಗಳಿಂದ ತಾನೇ ಎಬ್ಬಿಸಿ ಕಳಿಸಿದೆ ಎನಿಸಿ ದಾಕ್ಷಾಯಣಿ ಆ ದಿನ ಊಟ ಬಿಟ್ಟು ಎದ್ದಳು.

ಸೋಮವಾರ ಎಂಟಕ್ಕೇ ಅವಳು ಕಂಟ್ರೋಲ್ ರೂಮಿನಲ್ಲಿದ್ದಳು. ಅಲ್ಲಿನ ಹಿರಿಯ ಇಮಾಮಸಾಬ, ಬರುವ ವರ್ಷ ನಿವೃತ್ತಿ ಆಗುವವನು, ಚಹಾ ಕುಡಿಯುತ್ತ ಅವಳ ಕಥೆಯನ್ನೆಲ್ಲ ಕೇಳಿದ.

"ಪ್ರತಿ ಅಂತೂ ಹೋದುವು ತಂಗಿ, ಅದನ್ನ ಬಿಡು," ಎಂದ. "ನಿಮ್ಮ ಅಪ್ಪಾರಿಗೆ ಕೇಳಂಗಿಲ್ಲ ಹೌದಿಲ್ಲೊ? ಮುನ್ನೂರಾ ಹನ್ನೆರಡು ಹೆಸರು ಬರದು, ಎಲ್ಲಾದಕ್ಕೂ ಅದ ಒಂದು ಹಾಡು ಹಚ್ಚಿ ಕೊಡು. ಓದಿ ಖುಷಿ ಪಡ್ತಾರ. ಜಾಗಾನೂ ಹಿಡಿಯಂಗಿಲ್ಲ."

ಉಪಾಯ ಕೆಟ್ಟದ್ದೇನಲ್ಲ. ಸ್ವಲ್ಪ ಮೋಸ ಅನಿಸಿದರೂ ದಾಕ್ಷಾಯಣಿ ಒಪ್ಪಿದಳು. "ಆದ್ರ ಹೆಸರೂ ಅಳಿಸಿ ಹೋಗ್ಯಾವ್ರಿ. ತೌಡಿನ ಮ್ಯಾಲೆ ಚೀಟಿ ಇನ್ನೂ ಇರ್ತಾವ, ಅಲ್ಲಿಂದ ಬರಕೋಬೇಕು."

"ನಾಕು ಗಂಟೇಕ ತೊಟ್ಟಿ ಖಾಲಿ ಆಕ್ಕೈತಿ, ಲಗೂನ ನೋಡು," ಎಂದು ಇಮಾಮಸಾಬ ತೊಟ್ಟಿಯ ಬಾಗಿಲು ತೆರೆಯಲು ತನ್ನ ಬೆರಳೊತ್ತಿ ಅನುಮತಿ ಕೊಟ್ಟ. ನಗುತ್ತ, "ಹದಿನೆಂಟು ವರ್ಷ ಹಾಡು ಸೋಸಿ, ಈಗ ತೌಡು ಕುಟ್ಟಾಕ ಕುಂತಿ ನೋಡು," ಎಂದೂ ಸೇರಿಸಿದ.

ಚೀಟಿ ಓದಬೇಕೆಂದರೆ ತೌಡಿನ ತುಣುಕನ್ನು ತೆರೆಯಬೇಕು, ತೆರೆದರೆ ಅದು ತಾನಾಗಿ ಕೇಳಿಸುತ್ತದೆ. ಹದಿನೆಂಟು ವರ್ಷದಲ್ಲಿ ದಾಕ್ಷಾಯಣಿ ಯಾರ ಮನೆಯ ತೌಡನ್ನೂ ಕೇಳಿದವಳಲ್ಲ. ಮೊದಲನೆಯದನ್ನು ತೆರೆದಳು. ಕೋಟುಮಚಗಿ, ಗೌಡರ ಮನಿ ಲಗ್ನಾ. ಹಾಡು ಇರಲಿಲ್ಲ, ಹಾರ್ನಿನ ಅರಚಾಟ ಪೂರ್ತಿ ಹೋಗಿತ್ತು. ಅದರ ಅಡಿಯಲ್ಲಿ ಹೂತುಹೋಗಿದ್ದ ಪೆಂಡಾಲು ಎದ್ದು ಬಂದಿತ್ತು. ಎಲೆ ಹಾಸುವ ಸರಸರ. ಯಾರೋ ಯಾರನ್ನೋ ನೀರಿಗೆ ಕಳಿಸುತ್ತಿದ್ದಾರೆ. ದೂರದಲ್ಲಿ ಎತ್ತಿನ ಗಂಟೆ. ಅಷ್ಟರಲ್ಲಿ, ರೆಕಾರ್ಡರಿಗೆ ಬಾಯಿ ಹಚ್ಚಿದಷ್ಟು ಹತ್ತಿರದಿಂದ, ಒಬ್ಬ ಹೆಂಗಸು ಮಾತಾಡಿದಳು.

"ಕೇಳಸ್ತೈತ್ರಿ. ಕಡೀ ಸಾಲಿಗೆ ಚಲೋ ಕೇಳಸ್ತೈತಿ."

ಯಾರೋ ಮದುವೆಗೆ ಬಂದವಳು ಎಂದುಕೊಂಡು ದಾಕ್ಷಾಯಣಿ ಹೆಸರು ಬರೆದುಕೊಂಡಳು. ಎರಡನೆಯದು ತೆರೆದಳು. ಲಕ್ಕುಂಡಿ. ಅದೇ ದನಿ.

"ಇಲ್ಲೆ ಗಾಳಿ ಭಾಳ ಐತ್ರಿ. ಆದ್ರೂ ಕೇಳಸ್ತೈತಿ. ಮುಂಜಾನಿಂದ ಒಂದ ತುತ್ತು ಉಂಡಿಲ್ಲ ನೀವು. ಹಾಡು ಮುಗದ ಕೂಡ್ಲೆ ಬಂದು ಉಣ್ರಿ."

ಬರೆಯುತ್ತಿದ್ದ ಕೈ ನಿಂತಿತು. ದಾಕ್ಷಾಯಣಿ ಮೂರನೆಯದನ್ನು ತೆರೆದಳು. ಮುಳಗುಂದ. "ಇವರ ಮನಿ ಹೆಣಮಕ್ಕಳು ನನಗ ಮೈಕಿನ್ಯಾಕಿ ಅಂತಾರ್ರಿ. ಅನ್ನಲಿ ತಗೋರಿ, ಮೈಕ್ ಸುಮ್ನ ಬರ್ತೈತೇನು." ಆಮೇಲೆ ಒಂದು ಸಣ್ಣ ನಗು. ನರೇಗಲ್ಲದ ತುಣುಕಿನಲ್ಲಿ ಆ ದನಿ ತಗ್ಗಿತ್ತು. "ದಾಕ್ಷಾಯಣಿ ಮಲಗ್ಯಾಳ್ರಿ ಹೆಗಲ ಮ್ಯಾಲೆ. ಇಷ್ಟು ಸಪ್ಪಳದಾಗ ಕೂಸು ಹೆಂಗ ಮಲಗತೈತಿ ಅಂತ ಎಲ್ಲಾರೂ ಕೇಳ್ತಾರ. ಮೈಕ್ ಸೆಟ್ಟಿನವ್ರ ಮಗಳು, ಸಪ್ಪಳಕ್ಕ ಹೆದರಂಗಿಲ್ಲ ಅಂತ ಹೇಳೀನಿ."

ನಲವತ್ತೈದು ದಾಟಿದ ಹೆಂಗಸು ಕಂಟ್ರೋಲ್ ರೂಮಿನಲ್ಲಿ ಎಲ್ಲರೆದುರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಇಮಾಮಸಾಬ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಬಂದು ಕೂತ. ಅವನೂ ಕೇಳಿಸಿಕೊಂಡಿದ್ದ.

ಅವ್ವ ರೆಕಾರ್ಡರಿಗೆ ಮಾತಾಡಿದ್ದಳು. ಮದುವೆ ಮನೆಯಲ್ಲಿ ಗಂಡ ಒಂದು ತುದಿ, ಇವಳು ಒಂದು ತುದಿ. ರಾತ್ರಿ ಮನೆಗೆ ಹೋಗಿ ಟೇಪ್ ಹಚ್ಚಿ ಕೇಳುತ್ತಾನೆ ಎಂದು ನಂಬಿ ಹೇಳಬೇಕಾದ್ದನ್ನೆಲ್ಲ ಅದಕ್ಕೇ ಹೇಳಿದ್ದಳು. ಗಂಡನಿಗೆ ಎತ್ತಿದ ಕೈ ಕಂಡಿತ್ತು, ಅಷ್ಟು ಸಾಕಾಗಿತ್ತು, ಟೇಪ್ ಹಚ್ಚುವ ಅಗತ್ಯವೇ ಬೀಳಲಿಲ್ಲ. ಹಚ್ಚಿದ್ದರೂ ಆ ಹಾರ್ನಿನ ಅಬ್ಬರದಲ್ಲಿ ಅವಳ ಮಾತು ಯಾರಿಗೂ ಸಿಕ್ಕುತ್ತಿರಲಿಲ್ಲ. ಹಾಡು ಯಾವುದು ಎಂದು ಚೂರೂ ಬಿಡದೆ ತಿಳಿದು ಕಳೆದರೆ ಮಾತ್ರ ಅದು ಮೇಲೆ ಬರುವಂಥದ್ದು. ಅದಕ್ಕೆ ಒಂದಲ್ಲ ಎರಡಲ್ಲ, ಮುನ್ನೂರ ಹನ್ನೆರಡು ಪ್ರತಿ ಬೇಕಾಯಿತು. ತಾನು ಮಾಡಿದ ತಪ್ಪಿನಿಂದಲೇ ಅವ್ವ ಸಿಕ್ಕಿದ್ದಾಳೆ. ನಾಲ್ಕು ಗಂಟೆಗೆ ಅದೇ ತಪ್ಪಿನಿಂದ ಹೋಗುತ್ತಾಳೆ ಕೂಡ.

"ಇವನ್ನ ವಾಪಸ್ ಗೂಡಿಗೆ ಹಾಕೂದ ಹೆಂಗ್ರಿ?" ಎಂದು ಕೇಳಿದಳು.

ಇಮಾಮಸಾಬ ಲೆಕ್ಕ ಹಾಕಿ ನೋಡಿ ತಲೆ ಅಲ್ಲಾಡಿಸಿದ. ಹಾಡನ್ನು ಅದುಮಿ ಸಣ್ಣದು ಮಾಡಬಹುದು. ಅದಕ್ಕೆ ತಾಳವಿದೆ, ಪಲ್ಲವಿ ಮರಳಿ ಬರುತ್ತದೆ, ಮುಂದಿನದು ಏನೆಂದು ಯಂತ್ರ ಊಹಿಸುತ್ತದೆ. ಎಲೆ ಹಾಸುವ ಸದ್ದು, ಗಾಳಿ, ಒಬ್ಬ ಹೆಂಗಸಿನ ಮಾತು ಇವನ್ನು ಊಹಿಸಲಾಗದು, ಪೂರ್ತಿ ಇದ್ದ ಹಾಗೇ ಇಡಬೇಕು. "ಹಾಡಿಗಿಂತ ತೌಡ ಹೆಚ್ಚು ಜಾಗಾ ತಿಂತೈತಿ ತಂಗಿ. ನಿಮ್ಮ ಗೂಡಿನ್ಯಾಗ ಮೂರರಾಗ ಒಂದು ಪಾಲು ಬೇಕು. ನೀ ಖಾಲಿ ಮಾಡಿದ ಪಾಲು ಮತ್ತ ತುಂಬಿದ್ರ ನೋಟಿಸಿನ ಪ್ರಕಾರ ಹಳೇದು ಅಳಿಸಿ ಹೋಕ್ಕೈತಿ. ನಿಮ್ಮನ್ಯಾಗ ಎಲ್ಲಾಕ್ಕಿಂತ ಹಳೇದು ಯಾವ್ದು?"

"ಇವ," ಎಂದಳು ದಾಕ್ಷಾಯಣಿ.

"ಮತ್ತ ಯಾರದರ ಒಂದು ಪಾಲು ತಗೀಬೇಕು."

ಯಾರದು ಎಂದು ಅವಳು ಕೇಳಲಿಲ್ಲ. ತನ್ನ ಪಟ್ಟಿಯನ್ನು ತೆಗೆದಳು. ಇಪ್ಪತ್ತೈದು ವರ್ಷದ ಹಾಡುಗಳು ಮೇಲಿಂದ ಕೆಳಗೆ ಸಾಲಾಗಿ ನಿಂತಿದ್ದವು. ಕೆಲವನ್ನು ಹುಡುಕಲು ತಿಂಗಳುಗಟ್ಟಲೆ ಅಲೆದಿದ್ದಳು. ಒಂದೆರಡನ್ನಾದರೂ ಉಳಿಸಿಕೊಳ್ಳೋಣ ಎಂದು ಕೈ ಹೋಯಿತು. ಆದರೆ ಯಾವುದನ್ನು ಎಂದು ಆರಿಸುತ್ತ ಕೂತರೆ ನಾಲ್ಕು ಹೊಡೆಯುತ್ತದೆ ಎಂದು ಗೊತ್ತಿತ್ತು. ಎಲ್ಲವನ್ನೂ ಒಟ್ಟಿಗೇ ಅಳಿಸಿದಳು. ಮೂರೂವರೆಗೆ ಮುನ್ನೂರ ಹನ್ನೆರಡು ತುಣುಕೂ ಗೂಡು ಸೇರಿದವು, ಒಂದೊಂದಕ್ಕೂ ಅದರದೇ ಊರಿನ ಹೆಸರು.

ಅವಳು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಪ್ಪ ಪಡಸಾಲೆಯಲ್ಲಿ ಕೂತಿದ್ದ, ಪರದೆ ಬದಿಗಿತ್ತು. ದಾಕ್ಷಾಯಣಿ ಪಟ್ಟಿ ತೆಗೆದು ಕೈಗಿಟ್ಟಳು. ಅವನು ಬೆರಳಿಟ್ಟು ಕೋಟುಮಚಗಿಯಿಂದ ಓದುತ್ತ ಬಂದ, ಮುಖದ ಬಿಗಿ ಸಡಿಲಾಯಿತು. ಆಗ ಅವಳು ಪಕ್ಕದಲ್ಲಿ ಕೂತು, ಆ ತುಣುಕುಗಳಲ್ಲಿ ಕೇಳಿದ್ದನ್ನು ಊರಿನ ಹೆಸರಿನ ಕೆಳಗೆ ಒಂದೊಂದೇ ಬರೆದು ತೋರಿಸಿದಳು. ಮುಂಜಾನಿಂದ ಒಂದ ತುತ್ತು ಉಂಡಿಲ್ಲ ನೀವು. ಮೈಕ್ ಸುಮ್ನ ಬರ್ತೈತೇನು.

"ಯಾರಂದದ್ದು ಇದು?"

ಅವ್ವ, ಎಂದು ಬರೆದಳು.

ಅಪ್ಪ ಆ ಎರಡಕ್ಷರದ ಮೇಲೆ ಬೆರಳಿಟ್ಟ. "ಮಾತಾಡತಿದ್ಲೇನು?" ಎಂದ. ಅವನಿಗೆ ಗೊತ್ತಿಲ್ಲದೆಯೇ ದನಿ ತಗ್ಗಿತ್ತು. "ನಾ ಕೈಯಷ್ಟ ನೋಡಿದ್ನೆವ್ವಾ. ಮಾತಾಡತಾಳ ಅಂತ ನನಗ ಗೊತ್ತ ಇರಲಿಲ್ಲ. ಕಿವಿ ಇದ್ದಾಗ ಒಂದ ದಿನಾನೂ ಹಚ್ಚಿ ಕೇಳ್ಲಿಲ್ಲ."

ಆಮೇಲೆ ಎದ್ದು ನಿಂತು ಈರಣ್ಣನನ್ನು ಕೂಗಿದ. ಅಟ್ಟದ ಮೇಲಿದ್ದ ಹಳೆಯ ದೊಡ್ಡ ಸ್ಪೀಕರನ್ನು ಇಳಿಸಲು ಹೇಳಿದ. ಈರಣ್ಣ ಏನು ಎತ್ತ ಎಂದು ತಿಳಿಯದೆ ತಂಗಿಯ ಮುಖ ನೋಡಿ ಏಣಿ ಹಚ್ಚಿದ. ಅಪ್ಪ ತನ್ನ ಪಂಚೆಯಿಂದಲೇ ಅದರ ದೂಳು ಒರೆಸಿದ, ತಂತಿ ತಾನೇ ಜೋಡಿಸಿದ. ಹಿಂದೆ ಸ್ಪೀಕರ್ ಸರಿಯಿದೆಯೋ ಇಲ್ಲವೋ ನೋಡಲು ಅವನು ಅದರ ಕಪ್ಪು ಕಾಗದದ ಬಟ್ಟಲಿಗೆ ಅಂಗೈ ಹಚ್ಚುತ್ತಿದ್ದ, ಕಿವಿ ಸುಳ್ಳು ಹೇಳಿದರೂ ಕೈ ಹೇಳುವುದಿಲ್ಲ ಎನ್ನುತ್ತಿದ್ದ. ಈಗಲೂ ಎಡಗೈಯನ್ನು ಬಟ್ಟಲಿನ ಮೇಲೆ ಹಗುರಾಗಿ ಇಟ್ಟ.

"ಹರ್ತಿದು ಹಚ್ಚು. ಕಡೀದ್ದು ಅದ," ಎಂದ. "ಅದರ ಮುಂದಿನ ವಾರ ಜ್ವರ ಬಂತು."

ಹರ್ತಿಯ ತುಣುಕನ್ನು ದಾಕ್ಷಾಯಣಿಯೂ ಕೇಳಿರಲಿಲ್ಲ. ಹಚ್ಚಿದಳು. ಬೇವಿನ ಮರದಲ್ಲಿ ಗಿಳಿಗಳ ಗಲಾಟೆ ಮನೆಯೆಲ್ಲ ತುಂಬಿತು. ಈರಣ್ಣ ಏಣಿಯ ಮೇಲೆ ಕೈಯಿಟ್ಟವನು ಹಾಗೇ ನಿಂತ. ಅಪ್ಪನ ಅಂಗೈಯ ಕೆಳಗೆ ಬಟ್ಟಲು ಅದುರುತ್ತಿತ್ತು. ಆಮೇಲೆ ಅವ್ವ ಮಾತಾಡಿದಳು, ದಾಕ್ಷಾಯಣಿ ಪರದೆಯ ಮೇಲೆ ಒಂದೊಂದೇ ಮಾತು ಬರೆಯುತ್ತ ಹೋದಳು.

"ಕೇಳಸ್ತೈತ್ರಿ. ದಿನಾ ನಾನ ಕೇಳಸ್ತೈತಿ ಕೇಳಸ್ತೈತಿ ಅಂತೀನಿ. ನಾ ಹೇಳೂದು ನಿಮಗ ಕೇಳಸ್ತೈತೋ ಇಲ್ಲೋ ಒಂದಿನಾನೂ ಹೇಳ್ಲಿಲ್ಲ ನೀವು. ಎಂದರ ಈ ಟೇಪ್ ಹಚ್ಚಿ ಕೇಳಿದ್ರ, ನೀವೂ ಒಮ್ಮಿ ಕೈ ಎತ್ರಿ."

ಅಪ್ಪ ಕೊನೆಯ ಸಾಲನ್ನು ತುಟಿ ಅಲ್ಲಾಡಿಸುತ್ತ ಓದಿದ. ಎಡಗೈಯನ್ನು ಸ್ಪೀಕರಿನಿಂದ ತೆಗೆಯಲಿಲ್ಲ. ಬಲಗೈಯನ್ನು ತಲೆಯ ಮೇಲೆ, ತೋಳು ನೆಟ್ಟಗಾಗುವವರೆಗೆ ಎತ್ತಿ ಹಿಡಿದ. ಪೆಂಡಾಲಿನ ಕೊನೆಯ ಸಾಲಿನಲ್ಲಿ ನಿಂತವರಿಗೂ ಕಾಣುವಷ್ಟು ಎತ್ತರಕ್ಕೆ.